ಪೆನ್ನಿಂಗ್ ಹೌಸಿನ ಮೂರನೆಯ ನಿಯಮ

ಜಹೀದಾ ನದಾಫಳ ದನಿ ಸಂತೆಯ ದನಿ. ಸಿಂದಗಿಯ ಸಂತೆಯಲ್ಲಿ ಈ ತುದಿಯಿಂದ ಒಮ್ಮೆ ಕೂಗಿದರೆ ಆ ತುದಿಯಲ್ಲಿ ಉಳ್ಳಾಗಡ್ಡಿ ತೂಗುತ್ತಿದ್ದವನು ತಕ್ಕಡಿ ಬಿಟ್ಟು ತಿರುಗಿ ನೋಡಬೇಕು, ಅಂಥದ್ದು. ಅಂಥ ಹೆಂಗಸನ್ನು ದೇವರು ತಂದು ಎಲ್ಲಿ ಇಟ್ಟ ಅಂತೀರಿ? ಅಮೆರಿಕದಲ್ಲಿ, ರೆಡ್‌ವುಡ್ ಸಿಟಿಯ ಹಿಂದಿನ ಗುಡ್ಡದ ಮೇಲೆ, ಚಮಚ ಕೆಳಗೆ ಬಿದ್ದರೂ ತಪ್ಪು ಮಾಡಿದಂತಾಗುವ ಒಂದು ಮನೆಯಲ್ಲಿ. ಆ ಮನೆಯ ಹೆಸರು ಪೆನ್ನಿಂಗ್ ಹೌಸ್. ಏಳು ವರ್ಷದಿಂದ ಅವಳು ಅಲ್ಲಿ ಹೌಸ್‌ಕೀಪರು. ಅಡುಗೆ, ಹಾಸಿಗೆ, ಕಸ, ಬೀಗದ ಕೈ ಎಲ್ಲ ಅವಳದೇ. ಹಿತ್ತಲಿನ ಒಂದು ಕೋಣೆಯಲ್ಲಿ ಅವಳ ವಾಸ.

ಪೆನ್ನಿಂಗ್ ಎಂಬಾತ ಒಂದು ಕಾಲದ ದೊಡ್ಡ ಕುಳ. ಸಾಂಟಾ ಕ್ಲಾರಾ ಸುತ್ತ ಕಂಪ್ಯೂಟರ್ ಚಿಪ್ಪು, ಸಾಫ್ಟ್‌ವೇರು ಬರುವ ಮೊದಲು ಬರೀ ಹಣ್ಣಿನ ತೋಟಗಳಿದ್ದವು. ಆಗ ಏಪ್ರಿಕಾಟ್ ಹಣ್ಣನ್ನು ಡಬ್ಬಿಗೆ ತುಂಬಿ ಮಾರಿ ಹಣ ಮಾಡಿದವನು. ಹಣ ಬಂದಮೇಲೆ ಒಂದು ಹುಚ್ಚು ಬೇಕಲ್ಲ, ಅವನಿಗೆ ಹಿಡಿದದ್ದು ಫ್ಲೆಮಿಷ್ ಚಿತ್ರಗಳ ಹುಚ್ಚು. ಈಗ ಬೆಲ್ಜಿಯಂ ಎನ್ನುವ ನಾಡಿನಲ್ಲಿ ನಾನೂರು ವರ್ಷದ ಹಿಂದೆ ಬರೆದ ರೇಖಾಚಿತ್ರಗಳು, ಅಚ್ಚಿನ ಚಿತ್ರಗಳು. ನಲವತ್ತು ಆಲ್ಬಂ ತುಂಬ ಕೂಡಿಹಾಕಿ, ಸಾಯುವಾಗ ಉಯಿಲು ಬರೆದ. ಇವನ್ನು ಅಭ್ಯಾಸ ಮಾಡುವ ವಿದ್ವಾಂಸರು ಯಾವ ದೇಶದಿಂದಲಾದರೂ ಬರಲಿ, ಒಬ್ಬರು ಹೋದಮೇಲೆ ಒಬ್ಬರು, ತಲಾ ತೊಂಬತ್ತು ದಿನ ಇಲ್ಲಿ ಇರಲಿ. ಊಟ ವಸತಿ ಧರ್ಮಕ್ಕೆ. ಆದರೆ ಒಬ್ಬ ಮನುಷ್ಯನಿಗೆ ಜೀವಮಾನದಲ್ಲಿ ಒಂದೇ ಸಲ.

ಜೊತೆಗೆ ಏಳು ನಿಯಮ ಬರೆದಿಟ್ಟಿದ್ದ. ಅವು ಚೌಕಟ್ಟು ಹಾಕಿಸಿಕೊಂಡು ಅಡುಗೆಮನೆಯ ಗೋಡೆಯ ಮೇಲೆ ಕೂತಿದ್ದವು. ಮೂರನೆಯದು ಹೀಗಿತ್ತು: ವಿದ್ವಾಂಸರು ತಾವಾಗಿ ಮಾತಾಡಿಸದ ಹೊರತು ಮನೆಯ ಕೆಲಸದವರು ಅವರನ್ನು ಮಾತಾಡಿಸಬಾರದು. ಯಾರಾದರೂ ಮಾತಾಡಿದರೆ ಪೆನ್ನಿಂಗನಿಗೆ ತಲೆನೋವು ಬರುತ್ತಿತ್ತಂತೆ. ಸತ್ತು ನಲವತ್ತು ವರ್ಷವಾದರೂ ಆ ಪುಣ್ಯಾತ್ಮನ ತಲೆನೋವು ಮಾತ್ರ ಇನ್ನೂ ಬದುಕಿತ್ತು.

ಬರುವ ವಿದ್ವಾಂಸರೋ, ಮಾತಿಗೆ ಮೊದಲೇ ಬಡವರು. ಬೆಳಿಗ್ಗೆ ಒಂಬತ್ತಕ್ಕೆ ಓದುವ ಕೋಣೆ ಹೊಕ್ಕರೆ ಸಂಜೆ ನಾಲ್ಕೂವರೆಗೆ ಹೊರಗೆ. ಒಬ್ಬಾತ ತೊಂಬತ್ತು ದಿನ ಮೊಟ್ಟೆ ಬಿಟ್ಟು ಬೇರೇನೂ ತಿನ್ನಲಿಲ್ಲ. ಒಬ್ಬಾಕೆ ಮೂರು ತಿಂಗಳೂ ನಾಯಿಯ ಕಾಲುಗಳನ್ನಷ್ಟೇ ನೋಡಿದಳು. ಚಿತ್ರದ ನಾಯಿಯ ಕಾಲು, ಮತ್ತೆ. ಅವರ ರುಚಿ, ಅವರ ಒಗೆಯುವ ಬಟ್ಟೆ, ಅವರ ಕೆಮ್ಮು ಎಲ್ಲ ಜಹೀದಾಳಿಗೆ ಗೊತ್ತಾಗುವ ಹೊತ್ತಿಗೆ ಟ್ಯಾಕ್ಸಿ ಬಂದು ಬಾಗಿಲಲ್ಲಿ ನಿಲ್ಲುತ್ತಿತ್ತು. ಹಾಸಿಗೆಯ ಹೊದಿಕೆ ಬದಲಿಸಿದರೆ ಮುಗಿಯಿತು, ಮುಂದಿನವರು.

ಅನ್ವರ್ ಇದ್ದಾಗ ಹೀಗಿರಲಿಲ್ಲ. ಅನ್ವರ್ ಅವಳ ಗಂಡ. ಸಾಂಟಾ ಕ್ಲಾರಾದ ಒಂದು ಚಿಪ್ ಕಾರ್ಖಾನೆಯಲ್ಲಿ ಯಂತ್ರ ರಿಪೇರಿಯ ಕೆಲಸ. ನದಾಫರೆಂದರೆ ಹತ್ತಿ ಹಿಂಜಿ ಗಾದಿ ತುಂಬುವ ಮನೆತನ. ಮುಸಲ್ಮಾನರೇ, ಆದರೆ ಅವರ ಒಲೆಯ ಮುಂದಿನ ಮಾತು, ಜಗಳದ ಮಾತು, ಕನಸಿನ ಮಾತು ಎಲ್ಲ ಕನ್ನಡ. ಗಂಡ ಹೆಂಡತಿ ಕೂಡಿ ಎಲ್ ಕಮೀನೊ ರಸ್ತೆಯ ಪಕ್ಕದ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಸಿಂದಗಿಯನ್ನೇ ಎಬ್ಬಿಸಿ ಕೂರಿಸಿದ್ದರು. ಮಕ್ಕಳಾಗಲಿಲ್ಲ. ಆದರೂ ಮನೆ ಗದ್ದಲವಾಗಿಯೇ ಇತ್ತು. ತೊಂಬತ್ತೊಂದರಲ್ಲಿ ಅನ್ವರ್ ಕೆಲಸದ ಮೇಲಿದ್ದಾಗಲೇ ಎದೆ ಹಿಡಿದುಕೊಂಡು ಕೂತ, ಏಳಲಿಲ್ಲ. ಮರುವರ್ಷ ಜಹೀದಾ ಈ ಗುಡ್ಡ ಹತ್ತಿದಳು.

ಹಾಗಂತ ಊರಲ್ಲಿ ಜನವಿಲ್ಲವೇ? ಬೇಕಾದಷ್ಟು. ಭಾನುವಾರ ಎರಡು ಬಸ್ಸು ಬದಲಿಸಿ ಸಾಂಟಾ ಕ್ಲಾರಾಕ್ಕೆ ಹೋಗುತ್ತಿದ್ದಳು. ಮಸೀದಿಯಲ್ಲಿ ಬೆಂಗಳೂರಿನ ನಬೀಲಾ ಸಿಗುತ್ತಿದ್ದಳು, ಒಳ್ಳೆಯವಳು, ಆದರೆ ಅಲ್ಲಿ ಎಲ್ಲರದೂ ಉರ್ದು. ಜಹೀದಾಳ ಉರ್ದು ಮೂರು ವಾಕ್ಯಕ್ಕೆ ಮುಗಿಯುತ್ತಿತ್ತು. ನಾಲ್ಕನೆಯದಕ್ಕೆ ಹೆಂಗಸರು ಬಾಯಿಗೆ ಸೆರಗು ಹಿಡಿಯುತ್ತಿದ್ದರು. ಇಂಡಿಯನ್ ಗ್ರೋಸರಿಯಲ್ಲಿ ಸಾಫ್ಟ್‌ವೇರ್ ಕೆಲಸದ ಪ್ರಭಾ ಸಿಗುತ್ತಿದ್ದಳು. "ಅಯ್ಯೋ ಆಂಟಿ, ನಿಮ್ ನಾರ್ತ್ ಕರ್ನಾಟಕ ಕನ್ನಡ ಎಷ್ಟ್ ಕ್ಯೂಟಾಗಿದೆ, ಇನ್ನೊಂದ್ ಸಲ ಹೇಳಿ" ಅನ್ನುತ್ತಿದ್ದಳು. ಇನ್ನೊಂದು ಸಲ ಹೇಳುವುದರೊಳಗೆ ಅವಳ ಫೋನು ಹೊಡೆದುಕೊಳ್ಳುತ್ತಿತ್ತು, ಭಾನುವಾರವೂ ಮೀಟಿಂಗು. ಕ್ಯೂಟಂತೆ. ಮಾತಾಡುವವಳಿಗೆ ಉತ್ತರ ಬೇಕಿರುತ್ತದೆ, ಶಭಾಷ್‌ಗಿರಿ ಕಟ್ಟಿಕೊಂಡು ಏನು ಮಾಡುವುದು?

ಜಹೀದಾಳಿಗೆ ಬೇಕಾದದ್ದು ಒಂದೇ. ತಾನು ಒಂದು ಅಂದರೆ ತನ್ನದೇ ಮಾತಿನಲ್ಲಿ ತಿರುಗಿ ಎರಡು ಅನ್ನುವ ಒಂದು ಜೀವ.

ಆ ಹಪಾಹಪಿಯಲ್ಲೇ ತೊಂಬತ್ತೆಂಟರಲ್ಲಿ ಒಂದು ಎಡವಟ್ಟಾಯಿತು. ಆಮ್ಸ್ಟರ್‌ಡ್ಯಾಮಿನಿಂದ ಡಾಕ್ಟರ್ ಬಿಸೇಸರ್ ಎಂಬಾಕೆ ಬಂದಳು. ಟ್ಯಾಕ್ಸಿಯಿಂದ ಇಳಿದದ್ದು ನಮ್ಮ ಬಣ್ಣದ, ನಮ್ಮ ಮುಖದ, ಉದ್ದ ಜಡೆಯ ಹೆಂಗಸು. ಆ ಮನೆಯಲ್ಲಿ ಆರು ವರ್ಷದಿಂದ ಬರೀ ಬಿಳಿ ಮುಖ ನೋಡಿದ್ದ ಜಹೀದಾ ಮೆಟ್ಟಿಲು ಇಳಿದು ಓಡಿದಳು. "ಬರ್ರಿ, ಬರ್ರಿ, ಊಟ ಆತೇನ್ರಿ?" ಅಂದಳು. ತಿಳಿಯಲಿಲ್ಲವೆಂದು ಹಿಂದಿಯಲ್ಲಿ ಕೇಳಿದಳು, ಅದೂ ಆಗದೆ ಕೈ ಹಿಡಿದುಕೊಂಡಳು. ಆ ತಾಯಿ ಕಕ್ಕಾಬಿಕ್ಕಿ. ಅವಳ ಮುತ್ತಜ್ಜ ಬಿಹಾರದಿಂದ ಸುರಿನಾಮ್ ಎಂಬ ದೇಶಕ್ಕೆ ಕಬ್ಬು ಕಡಿಯಲು ಹೋದವನು. ಇವಳಿಗೆ ಬರುತ್ತಿದ್ದುದು ಡಚ್ಚು, ಇಂಗ್ಲಿಷು, ಚೂರುಪಾರು ಅವರ ಅಜ್ಜಿಯ ಭಾಷೆ. ಆದರೂ ಜಹೀದಾ ಬಿಡಬೇಕಲ್ಲ. ಆ ಮುಖ ನೋಡಿದರೆ ಬಾಯಿ ತಾನಾಗಿ ತೆರೆಯುತ್ತಿತ್ತು. ದಿನಕ್ಕೆ ನಾಲ್ಕು ಸಲ ಬಾಗಿಲು ತಟ್ಟಿ ಚಹಾ ಬೇಕೇ, ಚಟ್ನಿ ಬೇಕೇ ಎಂದಳು.

ಹೋಗುವಾಗ ಪ್ರತಿ ವಿದ್ವಾಂಸರೂ ಒಂದು ಫಾರ್ಮು ತುಂಬಿಕೊಡಬೇಕು. ಅದರಲ್ಲಿ ಒಂಬತ್ತನೆಯ ಪ್ರಶ್ನೆ, ಮನೆಯ ಕೆಲಸದವರಿಂದ ಅಡಚಣೆಯಾಯಿತೇ ಎಂದು. ಬಿಸೇಸರ್ ಆ ಪ್ರಶ್ನೆಗೆ ಒಂದೂವರೆ ಪುಟ ಬರೆದಿದ್ದಳು. ಟ್ರಸ್ಟಿನ ಆಡಳಿತ ನೋಡುವ ಮಾರ್ಜರಿ ಮೇಡಂ ಜಹೀದಾಳನ್ನು ಕೂರಿಸಿಕೊಂಡು ಮೆತ್ತಗೆ, ನಗುನಗುತ್ತಲೇ ಹೇಳಿದಳು, ಇನ್ನೊಮ್ಮೆ ಹೀಗಾದರೆ ಕೆಲಸ ಉಳಿಯುವುದಿಲ್ಲ ಎಂದು. ಆ ಮಾತಿನ ಪತ್ರವೂ ಫೈಲಿಗೆ ಹೋಯಿತು. ಕೆಲಸ ಹೋದರೆ ಹಿತ್ತಲಿನ ಕೋಣೆಯೂ ಹೋದಂತೆ. ಆ ವರ್ಷಗಳಲ್ಲಿ ಡಾಟ್‌ಕಾಮ್ ಹುಡುಗರು ಕಾರಿನಲ್ಲೇ ಮಲಗಿ ಆಫೀಸಿಗೆ ಹೋಗುತ್ತಿದ್ದರು. ಒಂದು ಕೋಣೆ ಖಾಲಿ ಇದೆಯೆಂದರೆ ಮಧ್ಯಾಹ್ನದೊಳಗೆ ಇಪ್ಪತ್ತು ಮಂದಿ ಸಾಲು. ಐವತ್ತು ದಾಟಿದ ವಿಧವೆಯನ್ನು ಆ ಸಾಲಿನಲ್ಲಿ ಯಾರು ಕೇಳುತ್ತಿದ್ದರು?

ಅಂದಿನಿಂದ ಜಹೀದಾ ಬಾಯಿಗೆ ಬೀಗ ಹಾಕಿಕೊಂಡಳು.

ತೊಂಬತ್ತೊಂಬತ್ತರ ಸೆಪ್ಟೆಂಬರಿನಲ್ಲಿ ಡಾಕ್ಟರ್ ಜಗನ್ನಾಥ್ ಬಂದ. ಆಫೀಸಿನಿಂದ ಬಂದ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಡಾ. ಜೆ. ಜಗನ್ನಾಥ್, ಲ್ಯೂವೆನ್, ಬೆಲ್ಜಿಯಂ, ಮಾಂಸ ತಿನ್ನುವುದಿಲ್ಲ. ಐವತ್ತರ ಆಸುಪಾಸು, ಬಕ್ಕತಲೆ, ನಮ್ಮದೇ ಬಣ್ಣ. ಜಹೀದಾ ಕಿಟಕಿಯಿಂದ ನೋಡಿದಳು. ಇವನೂ ಸುರಿನಾಮಿನವನೇ, ಇವನ ಮುತ್ತಜ್ಜನೂ ಕಬ್ಬು ಕಡಿದವನೇ ಎಂದುಕೊಂಡಳು. ಒಂದು ಸಲ ಬಾಯಿ ಸುಟ್ಟುಕೊಂಡದ್ದು ಸಾಕು. ಬಾಗಿಲು ತೆರೆದು, ತಲೆ ಬಾಗಿಸಿ, ಬೀಗದ ಕೈ ಕೊಟ್ಟು ಅಡುಗೆಮನೆಗೆ ನಡೆದಳು. ಅವನೂ "ಥ್ಯಾಂಕ್ ಯೂ" ಎಂದು ಮೇಲೆ ಹೋದ.

ಹೀಗೆ ಎರಡು ತಿಂಗಳು ಒಂದೇ ಸೂರಿನಡಿ ಇಬ್ಬರೂ ಮೂಗರಂತೆ ಇದ್ದರು. ಅವಳು ನಾಲ್ಕು ಗಂಟೆಗೆ ಚಹಾದ ತಟ್ಟೆಯನ್ನು ಓದುವ ಕೋಣೆಯ ಹೊರಗಿನ ಸಣ್ಣ ಮೇಜಿನ ಮೇಲಿಟ್ಟು ಒಮ್ಮೆ ತಟ್ಟಿ ಹೋಗುವಳು. ಅವನು ಕುಡಿದ ಕಪ್ಪನ್ನು ಅಲ್ಲೇ ಇಡುವನು. ಈಗ ನೆನೆಸಿಕೊಂಡರೆ ಇಬ್ಬರ ತಲೆಗೂ ಒಂದೊಂದು ಮೊಟಕಬೇಕು ಅನಿಸುತ್ತದೆ.

ನವೆಂಬರ್ ಹದಿನೈದು, ಸೋಮವಾರ. ಜಹೀದಾ ತಟ್ಟೆ ಇಡಲು ಹೋದಳು. ಆ ದಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವನು ಒಂದು ಚಿತ್ರದ ಹಾಳೆಯನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಹರಡಿ, ಭೂತಗನ್ನಡಿ ಹಿಡಿದು ಬಗ್ಗಿದ್ದ. ಆ ಕಾಲದ ಕಾಗದವನ್ನು ತಂತಿಯ ಜರಡಿಯಲ್ಲಿ ಎತ್ತಿ ಮಾಡುತ್ತಿದ್ದರು. ಕೆಳಗಿನಿಂದ ಬೆಳಕು ಹಾಯಿಸಿದರೆ ತಂತಿಯ ಗೆರೆಗಳು ಕಾಣುತ್ತವೆ. ಇಷ್ಟು ಅಗಲಕ್ಕೆ ಎಷ್ಟು ಗೆರೆ ಎಂದು ಎಣಿಸಿದರೆ ಯಾವ ಹಾಳೆ ಯಾವ ಹಾಳೆಯ ಜೊತೆಯದು, ಯಾವ ಚಿತ್ರಶಾಲೆಯಿಂದ ಬಂದದ್ದು ಎಂದು ತಿಳಿಯಬಹುದು. ಅವನ ಕೆಲಸವೇ ಅದು. ನಲವತ್ತು ಆಲ್ಬಮ್ಮಿನ ಅಷ್ಟೂ ಹಾಳೆಗಳ ಗೆರೆ ಎಣಿಸುವುದು. ಎಣಿಸುತ್ತಿದ್ದ, ತುಟಿಯೊಳಗೇ.

"ಹದಿನೆಂಟ... ಹತ್ತೊಂಬತ್ತ... ಇಪ್ಪತ್ತ... ಇಪ್ಪತ್ತೊಂದ..."

ಜಹೀದಾಳ ಕಿವಿಗೆ ಬಿದ್ದದ್ದು ಕನ್ನಡ. ತಟ್ಟೆಯನ್ನು ಹೇಗೆ ಕೆಳಗಿಟ್ಟಳೋ ದೇವರಿಗೇ ಗೊತ್ತು. ಮನುಷ್ಯ ಯಾವ ದೇಶಕ್ಕೆ ಹೋಗಲಿ, ಯಾವ ಭಾಷೆ ಕಲಿಯಲಿ, ಲೆಕ್ಕ ಮಾತ್ರ ಹೆತ್ತವಳ ಮಾತಿನಲ್ಲೇ ಮಾಡುತ್ತಾನೆ. ಅವಳು ಹಿತ್ತಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಸಂತೋಷಕ್ಕೋ ಸಿಟ್ಟಿಗೋ ಅವಳಿಗೇ ಗೊತ್ತಾಗಲಿಲ್ಲ. ಅರವತ್ತಕ್ಕಿಂತ ಹೆಚ್ಚು ದಿನ ಕನ್ನಡ ಬರುವ ಮನುಷ್ಯನಿಗೆ ಬೇಯಿಸಿ ಹಾಕಿ, ಒಂದು ಮಾತು ಆಡದೆ ಬಿಟ್ಟಿದ್ದೆನಲ್ಲ ಎಂದು ಹಣೆ ಚಚ್ಚಿಕೊಂಡಳು.

ಈಗೇನು ಮಾಡುವುದು? ಮಾತಾಡಿಸಿದರೆ ಕೆಲಸ ಹೋದೀತು. ಸುಮ್ಮನಿದ್ದರೆ ಈ ಮನುಷ್ಯ ಡಿಸೆಂಬರ್ ಹನ್ನೊಂದಕ್ಕೆ ಹೋಗುತ್ತಾನೆ, ಮತ್ತೆ ಬರುವ ಹಾಗೂ ಇಲ್ಲ. ಅವನೇ ಮೊದಲು ಮಾತಾಡಿದರೆ ನಿಯಮಕ್ಕೂ ಭಂಗವಿಲ್ಲ. ಸರಿ, ಅವನ ಬಾಯಿ ಬಿಡಿಸಬೇಕು. ಗ್ರೋಸರಿಯಿಂದ ತಂದಿಟ್ಟ ಜೋಳದ ಹಿಟ್ಟು ತೆಗೆದಳು. ಮಂಗಳವಾರ ರಾತ್ರಿಯೂಟಕ್ಕೆ ರೊಟ್ಟಿ ತಟ್ಟಿದಳು, ಎಣ್ಣೆಗಾಯಿ ಮಾಡಿದಳು, ಶೇಂಗಾ ಚಟ್ನಿ ಕುಟ್ಟಿದಳು. ಬುಧವಾರ ಝುಣಕ. ಗುರುವಾರ ಗೋಧಿಯ ಸಿಹಿ ಮಾದಲಿ. ಮೇಜಿನ ಮೇಲಿಟ್ಟು ಬಾಗಿಲ ಹಿಂದೆ ಕಿವಿ ನೆಟ್ಟು ನಿಂತಳು. ತಟ್ಟೆಗಳು ತೊಳೆದಷ್ಟು ಚೊಕ್ಕಟವಾಗಿ ಬಂದವು. ಜೊತೆಗೆ ಒಂದು ಚೀಟಿ, ಇಂಗ್ಲಿಷಿನಲ್ಲಿ: ಬಹಳ ರುಚಿಯಾಗಿತ್ತು, ಧನ್ಯವಾದ. ಮಾದಲಿ ತಿಂದೂ ಇಂಗ್ಲಿಷಿನಲ್ಲಿ ಧನ್ಯವಾದ ಬರೆಯುವವನಿಗೆ ಏನನ್ನಬೇಕು ಹೇಳಿ.

ಮುಂದಿನ ಸೋಮವಾರ ಮತ್ತೆ ನಾಲ್ಕು ಗಂಟೆ, ಮತ್ತೆ ತಟ್ಟೆ. ಒಳಗೆ ಎಣಿಕೆ ನಡೆದಿತ್ತು. ಇಪ್ಪತ್ತೆರಡ, ಇಪ್ಪತ್ಮೂರ, ಅಷ್ಟರಲ್ಲಿ ಅವನಿಗೆ ಸೀನು ಬಂತು. ಒಂದಲ್ಲ, ಸಾಲಾಗಿ ಮೂರು. ಸೀನಿ ಮೂಗು ಒರೆಸಿಕೊಂಡು ಭೂತಗನ್ನಡಿಯನ್ನು ಮತ್ತೆ ಹಿಡಿದ. "ಇಪ್ಪತ್ತ... ಇಪ್ಪತ್ತ..." ಎಂದು ತಡಕಾಡಿದ. ಲೆಕ್ಕ ತಪ್ಪಿತ್ತು.

"ಇಪ್ಪತ್ನಾಕ" ಎಂದಳು ಜಹೀದಾ.

ಅಂದದ್ದು ಅವಳಲ್ಲ, ಅವಳ ಬಾಯಿ. ಜಗನ್ನಾಥ್ ಬಗ್ಗಿದ್ದವನು ಬಗ್ಗಿದ್ದಂತೆಯೇ ನಿಂತ. ನಿಧಾನಕ್ಕೆ ತಿರುಗಿ ಬಾಗಿಲ ಕಡೆ ನೋಡಿದ. ಕಣ್ಣು ತುಂಬಿದ್ದವು, ಸೀನಿನಿಂದ ಇರಬಹುದು.

"ನೀವು... ಯಾವೂರವ್ರಿ?" ಅಂದ.

"ಸಿಂದಗಿ ಕಡೆಯಕಿರಿ ಸರ. ನೀವು?"

"ಗದಗ."

ಅವನು ಕುರ್ಚಿಯಲ್ಲಿ ಕುಸಿದು ಕೂತ. "ರೊಟ್ಟಿ ಬಂದ ದಿನನ ಅನಿಸಿತ್ತರಿ. ಕೇಳಬೇಕು ಅಂತ ಮೆಟ್ಟಲಾ ಇಳದು ಬಂದೆ, ತಿರಗಿ ಹೋದೆ. ಆಫೀಸಿನವರು ನಿಮ್ಮ ಹೆಸರು ಮಿಸೆಸ್ ಅನ್ವರ್ ಅಂತ ಹೇಳಿದ್ರು. ಹೈದರಾಬಾದದವ್ರು ಇರಬೇಕು, ಉರ್ದು ಮಂದಿ, ಅವರ ಕಡೀನೂ ಜೋಳಾ ತಿಂತಾರ ಅನ್ಕೊಂಡೆ. ಕೆಲಸದವರನ್ನ ಮಾತಿಗಿ ಎಳೀಬಾರದು ಅಂತ ನನ್ನ ಕಡಿಂದನೂ ಸಹಿ ಮಾಡಿಸ್ಕೊಂಡಾರ."

"ನಾ ನಿಮ್ಮನ್ನ ಸುರಿನಾಮ್‌ದವ್ರು ಅಂತ ಮಾಡಿದ್ನಿರಿ" ಎಂದಳು ಜಹೀದಾ. ಅದನ್ನು ಬಿಡಿಸಿ ಹೇಳಲು ಹೋಗಿ ಬಿಸೇಸರಳ ಕಥೆಯೆಲ್ಲ ಹೇಳಬೇಕಾಯಿತು. ಜಗನ್ನಾಥ್ ನಕ್ಕ. ಅವಳೂ ನಕ್ಕಳು. ಆ ಮನೆಯಲ್ಲಿ ಗೋಡೆಗಳಿಗೆ ನಗು ಕೇಳಿಸಿದ್ದು ಅದೇ ಮೊದಲಿರಬೇಕು. ಚಹಾ ಆರಿ ತಣ್ಣಗಾಯಿತು.

ಅಲ್ಲಿಂದ ಹತ್ತೊಂಬತ್ತು ದಿನ. ಮಧ್ಯಾಹ್ನ ಊಟಕ್ಕೆಂದು ಕೆಳಗೆ ಬಂದವನು ಮೂರು ಗಂಟೆಯಾದರೂ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿರುತ್ತಿದ್ದ. ಇವಳು ಉಳ್ಳಾಗಡ್ಡಿ ಹೆಚ್ಚುತ್ತ, ಅವನು ಶೇಂಗಾ ಸುಲಿಯುತ್ತ. ಮಾತು ಯಾವುದು ಅಂತೀರಿ? ಘನಂದಾರಿ ಮಾತೇನಲ್ಲ. ಗದಗಿನ ಬಸ್ ಸ್ಟ್ಯಾಂಡಿನ ಮಿರ್ಚಿ ಭಜಿ. ಹತ್ತಿ ಹಿಂಜುವ ಬಿಲ್ಲಿನ ಸದ್ದು ಹೇಗಿರುತ್ತದೆ ಎಂದು ಅವಳು ಬಾಯಿಂದ ಮಾಡಿ ತೋರಿಸಿದಳು. ಅವನಿಗೆ ಎಷ್ಟೋ ಮಾತು ಮರೆತಿತ್ತು. "ಅದಕ್ಕ ಏನಂತಾರ್ರಿ ಅಕ್ಕಾರ, ರೊಟ್ಟಿ ಇಡೂ ಬುಟ್ಟಿಗೆ?" ಎಂದು ನಡುವೆ ನಿಲ್ಲುವನು. ಅವಳು "ಪುಟ್ಟಿರಿ ಸರ" ಅನ್ನುವಳು. ಅವನು ಪುಟ್ಟಿ, ಪುಟ್ಟಿ ಎಂದು ಎರಡು ಸಲ ಹೇಳಿ ನೋಡುವನು. ಇಪ್ಪತ್ತೈದು ವರ್ಷದ ಹಿಂದೆ ಸ್ಕಾಲರ್‌ಶಿಪ್ಪಿನ ಮೇಲೆ ಬೆಲ್ಜಿಯಮ್ಮಿಗೆ ಹೋದವನು, ಅಲ್ಲಿಯ ಹೆಣ್ಣನ್ನೇ ಮದುವೆಯಾದ, ಅವಳು ಬಿಟ್ಟುಹೋಗಿ ಎಂಟು ವರ್ಷ. "ಗೆರಿ ಎಣಸೂ ಹೊತ್ತಿಗೆ ಅಷ್ಟ ನಾ ಕನ್ನಡದವರಿ. ಉಳದ ಹೊತ್ತಿನ್ಯಾಗ ಯಾರೋ ಏನೋ" ಎಂದ ಒಂದು ದಿನ.

ಒಮ್ಮೆ ಅವಳನ್ನು ಓದುವ ಕೋಣೆಗೆ ಕರೆದು ಚಿತ್ರ ತೋರಿಸಿದ. ಏಳು ವರ್ಷ ಆ ಕೋಣೆಯ ಧೂಳು ಒರೆಸಿದ್ದಳೇ ಹೊರತು ಆಲ್ಬಂ ತೆರೆದದ್ದನ್ನು ನೋಡಿರಲಿಲ್ಲ. ಹೆಸರಿಲ್ಲದ ಯಾವನೋ ಚಿತ್ರ ಕಲಿಯುವ ಹುಡುಗ ಬರೆದ ಬಾತುಕೋಳಿ, ಕತ್ತೆ, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ ಒಬ್ಬ ಮುದುಕಿ. "ಇದಕ್ಕ ನಾವು ನಿದ್ದಿ ಮಾಡೂ ಮುದುಕಿ ಅಂತೇವ್ರಿ" ಎಂದ.

ಜಹೀದಾ ಬಗ್ಗಿ ನೋಡಿದಳು. "ನಿದ್ದಿ ಮಾಡಿಲ್ರಿ ಸರ ಆಕಿ. ನಿದ್ದಿ ಮಾಡಿದ್ರ ಕೈ ಸಡ್ಲ ಆಗ್ತಾವ. ಮುದಕಿ ಕೈ ಬಿಗಿ ಹಿಡದಾಳ, ನೋಡ್ರಿ. ಯಾರರ ಬಂದು ಮಾತಾಡಸ್ತಾರೇನೋ ಅಂತ ಕಣ್ಣ ಮುಚಗೊಂಡು ಕೂತಾಳ."

ಜಗನ್ನಾಥ್ ಭೂತಗನ್ನಡಿ ಹಿಡಿದು ಆ ಕೈಗಳನ್ನು ನೋಡಿದ. ಆಮೇಲೆ ಪೆನ್ಸಿಲ್ಲು ತೆಗೆದು ತನ್ನ ಪುಸ್ತಕದಲ್ಲಿ ಅದನ್ನು ಬರೆದುಕೊಂಡ.

ಖುಷಿಯ ಜೊತೆಗೇ ಅವಳಿಗೆ ಒಂದು ಅಂಜಿಕೆಯೂ ಶುರುವಾಗಿತ್ತು. ಆಲ್ಬಮ್ಮುಗಳು ಕಪಾಟಿನಿಂದ ಮೇಜಿಗೆ ಬರುವುದು ಕಮ್ಮಿಯಾಗಿತ್ತು. ಮೊದಲು ದಿನಕ್ಕೆ ಅರ್ಧ ಆಲ್ಬಂ ಮುಗಿಸುತ್ತಿದ್ದವನು ಈಗ ಎರಡು ದಿನಕ್ಕೆ ನಾಲ್ಕು ಹಾಳೆ. ಪೆನ್ನಿಂಗನ ತಲೆನೋವಿಗೂ ಒಂದು ಅರ್ಥವಿತ್ತೇನೋ ಎಂದು ಮೊದಲ ಸಲ ಅನಿಸಿತು. "ಸರ, ನಿಮ್ಮ ಕೆಲಸಾ ಉಳೀತದ. ನೀವು ಮ್ಯಾಲ ಹೋಗ್ರಿ" ಎಂದಳು. ಬಾಯಿ ಹಾಗಂದರೂ ಕೈ ಇನ್ನೊಂದು ಕಪ್ಪು ಚಹಾ ಸೋಸುತ್ತಿತ್ತು, ಸುಳ್ಳೇಕೆ ಹೇಳಬೇಕು. "ಆಗ್ತದ ಬಿಡ್ರಿ" ಎಂದು ಅವನು ಅಲ್ಲೇ ಕೂತ.

ಡಿಸೆಂಬರ್ ಒಂಬತ್ತಕ್ಕೆ ರಂಜಾನ್ ಉಪವಾಸ ಹಿಡಿಯಿತು. ಅವನು ಹೊರಡುವ ಮುಂಚೆ ಉಳಿದಿದ್ದ ಎರಡು ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಅವನೇ ಖರ್ಜೂರದ ತಟ್ಟೆ ಮುಂದಿಟ್ಟು, ಗಡಿಯಾರ ನೋಡಿ, "ಆತ ನೋಡ್ರಿ ಅಕ್ಕಾರ, ತಗೋರಿ" ಎಂದ. ಅನ್ವರ್ ಹೋದಮೇಲೆ ಅವಳು ಉಪವಾಸ ಬಿಡುವಾಗ ಎದುರಿಗೆ ಒಬ್ಬರು ಇದ್ದದ್ದು ಆ ಎರಡೇ ಸಂಜೆ.

ಎರಡನೆಯ ಸಂಜೆ ಅವನು ಫಾರ್ಮು ತುಂಬುತ್ತಿದ್ದ. ಎರಡು ಆಲ್ಬಂ ಮುಟ್ಟದೆಯೇ ಉಳಿದಿದ್ದವು. ಅವಿಲ್ಲದೆ ಅವನ ಪುಸ್ತಕ ಪೂರ್ತಿಯಾಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

"ನನ್ನಿಂದ ಉಳೀತ್ರಿ ಸರ" ಎಂದಳು.

"ಹಂಗನಬ್ಯಾಡ್ರಿ. ಎಣಸಾಕ ಇನ್ನೂ ಭಾಳ ಕಾಗದ ಅದಾವು ಜಗತ್ತಿನ್ಯಾಗ." ಪೆನ್ನು ಮುಚ್ಚಿ ಅವಳ ಮುಖ ನೋಡಿದ. "ಅಕ್ಕಾರ, ಒಂದು ಮಾತು. ಅಲ್ಲಿಗಿ ಹೋದ ಮ್ಯಾಲ ನಾ ಫೋನ್ ಮಾಡೂದಿಲ್ರಿ. ಪತ್ರಾನೂ ಬರಿಯೂದಿಲ್ಲ. ಈ ಮನಿಗಿ ಬರೂ ಫೋನು, ಪತ್ರ ಎಲ್ಲಾ ಆಫೀಸಿನವರ ಕೈಯಾಗ ಹಾದ ಬರ್ತಾವ. ನಿಮ್ಮ ಕೆಲಸಕ್ಕ ಕುತ್ತ ಬರಬಾರದು."

"ಹೌದ್ರಿ" ಎಂದಳು. ನನ್ನ ಕೆಲಸ ಸುಡಲಿ, ನೀವು ಬರೀರಿ ಎಂದು ಕಿರುಚಬೇಕು ಅನಿಸಿತು. ಕಿರುಚಲಿಲ್ಲ. ಮರುದಿನ, ಶನಿವಾರ ಬೆಳಿಗ್ಗೆ ಟ್ಯಾಕ್ಸಿ ಬಂತು. "ಹೋಗಿ ಬರ್ತೀನ್ರಿ" ಎಂದು ಅವನು ಅಂದ. ಬರುವ ಹಾಗಿಲ್ಲವೆಂದು ಇಬ್ಬರಿಗೂ ಗೊತ್ತಿದ್ದೂ ಅವಳು "ಬರ್ರಿ" ಎಂದಳು.

ಆಮೇಲೆ ಮನೆ ಮತ್ತೆ ಮೊದಲಿನಂತಾಯಿತು. ಅಲ್ಲ, ಮೊದಲಿಗಿಂತ ಹಾಳಾಯಿತು. ಏಳು ವರ್ಷದ ಮೌನ ಅವಳಿಗೆ ರೂಢಿಯಾಗಿತ್ತು, ಈ ಹತ್ತೊಂಬತ್ತು ದಿನ ಬಂದು ಆ ರೂಢಿಯನ್ನೇ ಕೆಡಿಸಿಬಿಟ್ಟಿದ್ದವು. ಭಾನುವಾರ ಸಾಂಟಾ ಕ್ಲಾರಾಕ್ಕೆ ಹೋಗಲು ಕಾಲು ಬರಲಿಲ್ಲ. ಸಂಜೆ ಖರ್ಜೂರ ತಿನ್ನುವಾಗ ಗಡಿಯಾರವನ್ನು ತಾನೇ ನೋಡಿಕೊಂಡಳು. ಮುಂದಿನ ವಿದ್ವಾಂಸ ಬರುವುದು ಜನವರಿಗೆ.

ಗುರುವಾರ ಬೆಳಿಗ್ಗೆ ಮಾರ್ಜರಿ ಮೇಡಂ ಬಂದಳು. ಕಿವಿಗೆ ಸೆಲ್‌ಫೋನು ಒತ್ತಿಕೊಂಡೇ ಒಳಗೆ ಬಂದವಳು ಕೈ ಎತ್ತಿ ತೋರಿಸಿದಳು, ಜಹೀದಾ ತಲೆ ಬಾಗಿಸಿದಳು. ಫೋನು ಮುಗಿಸಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಚೀಲದಿಂದ ಎರಡು ಕಾಗದ ತೆಗೆದಳು. ಒಂದು ಹೋದ ವರ್ಷದ ಎಚ್ಚರಿಕೆಯ ಪತ್ರ. ಇನ್ನೊಂದು ಜಗನ್ನಾಥನ ಫಾರ್ಮು. ಮೇಡಂ ಕನ್ನಡಕ ಏರಿಸಿ ಅದನ್ನು ಗಟ್ಟಿಯಾಗಿ ಓದಿದಳು.

ಕೆಲಸ ಮುಗಿಯಿತೇ? ಇಲ್ಲ, ಎರಡು ಆಲ್ಬಂ ಉಳಿದವು, ತಪ್ಪು ನನ್ನದೇ, ನಾನು ಕೆಲಸದಲ್ಲಿ ನಿಧಾನಿ. ಒಂಬತ್ತನೆಯ ಪ್ರಶ್ನೆ, ಮನೆಯ ಕೆಲಸದವರಿಂದ ಅಡಚಣೆಯಾಯಿತೇ? ಇಲ್ಲ. ಮನೆ ನೋಡಿಕೊಳ್ಳುವ ಮಹಿಳೆ ತೊಂಬತ್ತು ದಿನಗಳಲ್ಲಿ ನನ್ನೊಂದಿಗೆ ಒಂದೇ ಒಂದು ಮಾತನ್ನೂ ಆಡಲಿಲ್ಲ.

ಮಾರ್ಜರಿಗೆ ಹಿಗ್ಗೋ ಹಿಗ್ಗು. ಟ್ರಸ್ಟಿನವರೆಲ್ಲ ಓದಿ ಮೆಚ್ಚಿದ್ದಾರೆ, ಈ ವಾಕ್ಯವನ್ನು ಹೊಸ ಕರಪತ್ರದಲ್ಲಿ ಅಚ್ಚು ಹಾಕಿಸುತ್ತೇವೆ ಎಂದಳು. ಎಚ್ಚರಿಕೆಯ ಪತ್ರವನ್ನು ಈಗಲೇ ಹರಿದು ಹಾಕುತ್ತೇನೆ, ಮುಂದಿನ ಮೂರು ವರ್ಷಕ್ಕೆ ಕೆಲಸ ಖಾಯಂ. ಆದರೆ ನಿನ್ನ ಬಾಯಿಂದಲೂ ಒಮ್ಮೆ ಕೇಳಿ ಬರೆದುಕೊಳ್ಳಬೇಕು, ಪದ್ಧತಿ. "ಇದು ನಿಜ ತಾನೇ ಜಹೀದಾ? ಒಂದು ಮಾತೂ ಆಡಲಿಲ್ಲವೇ?"

ಜಹೀದಾ ಆ ಕಾಗದ ನೋಡಿದಳು. ತನ್ನ ತಲೆ ಕಾಯಲೆಂದೇ ಅವನು ಹಾಗೆ ಬರೆದದ್ದು, ಅದು ಅವಳಿಗೆ ತಿಳಿಯದ್ದೇನಲ್ಲ. ಅದಕ್ಕೇ ಇನ್ನೂ ಸಂಕಟವಾಯಿತು. ಆಡೀವಿ, ಮೇಡಂ. ಹತ್ತೊಂಬತ್ತು ದಿನ ಆಡೀವಿ, ಹೊಟ್ಟಿ ಹುಣ್ಣಾಗೂ ಹಂಗ ನಕ್ಕೀವಿ, ನಿಮ್ಮ ಮುದುಕಿ ನಿದ್ದಿ ಮಾಡಿಲ್ಲ ಅಂತ ನಾ ಹೇಳೀನಿ, ಅವರು ಬರಕೊಂಡಾರ. ಮಾತು ನಾಲಗೆಯ ತುದಿಯವರೆಗೆ ಬಂದು ನಿಂತಿತು. ಆ ಹತ್ತೊಂಬತ್ತು ದಿನ ಇದ್ದವು ಎನ್ನಲು ಈ ಭೂಮಿಯ ಮೇಲೆ ಇಬ್ಬರೇ ಸಾಕ್ಷಿ. ಒಬ್ಬ ಆಗಲೇ ಇಲ್ಲವೆಂದು ಬರೆದುಕೊಟ್ಟು ಹೋಗಿದ್ದ. ಉಳಿದವಳು ತಾನು. ಹಿತ್ತಲಿನ ಕೋಣೆಯ ಕಿಟಕಿ ಅಲ್ಲಿಂದಲೇ ಕಾಣುತ್ತಿತ್ತು, ಅನ್ವರನ ಹಳೆಯ ರಗ್ಗು ಕಿಟಕಿಯ ಮೇಲೆ ಒಣಗುತ್ತಿತ್ತು.

"ನಿಜ ಮೇಡಂ, ಒಂದು ಮಾತೂ ಆಡಲಿಲ್ಲ" ಎಂದಳು ಇಂಗ್ಲಿಷಿನಲ್ಲಿ.

ದನಿ ಗೊಗ್ಗರಾಗಿ ಬಂತು. ಶನಿವಾರ ಟ್ಯಾಕ್ಸಿ ಹೋದಮೇಲೆ, ನಮಾಜಿನಲ್ಲಿ ತುಟಿಯೊಳಗೆ ಅಂದುಕೊಂಡದ್ದನ್ನು ಬಿಟ್ಟರೆ, ಅವಳು ಬಾಯಿ ತೆರೆದು ಆಡಿದ ಮೊದಲ ಮಾತು ಅದೇ ಆಗಿತ್ತು.